ಗುದ್ದಿದ ಭಾವ

ಆನಂದಪುರದ ಪೇಟೆಯಲ್ಲಿ ಹಾದುಹೋಗುವ ಹೆದ್ದಾರಿಗೆ ಮೊದಲು 206 ಎಂಬ ನಂಬರಿತ್ತು, ಈಗ 69. ನಂಬರು ಬದಲಾದದ್ದನ್ನು ನಮ್ಮೂರ ದನಗಳಿಗೆ ಯಾರೂ ತಿಳಿಸಿಲ್ಲ. ಶಿವಮೊಗ್ಗದ ಬಸ್ಸು, ಸಾಗರದ ಬಸ್ಸು ಎಂಬ ಭೇದವೆಣಿಸದೆ ಅವು ಈಗಲೂ ನಡುರಸ್ತೆಯಲ್ಲೇ ಮೆಲುಕು ಹಾಕುತ್ತವೆ. ಅಂಥ ಒಂದು ಹಸು ಎದ್ದು ದಾಟುವ ಮನಸ್ಸು ಮಾಡಿತು. ನಾನು ಕಾರು ನಿಲ್ಲಿಸಿದೆ. ಹಿಂದೆ ಅಡಿಕೆ ಮೂಟೆ ಹೇರಿಕೊಂಡು ಬರುತ್ತಿದ್ದ ಪಿಕಪ್ ನಿಲ್ಲಲಿಲ್ಲ.

ಹಸು ತಿರುಗಿಯೂ ನೋಡದೆ ಹೋಯಿತು. ಪಿಕಪ್ಪಿನವನು ಇಳಿದು ಬಂದವನೇ, “ಬ್ರೇಕ್ ಹಾಕೋದಿದ್ರೆ ಒಂದು ಮಾತು ಹೇಳಬಾರ್ದಾ ಮಾರಾಯ್ರೆ” ಅಂದ. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಟ್ಟು ಓಡಿಸಬೇಕಾದವನು ಹಿಂದಿನವನೇ ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿದೆ. ಅದನ್ನು ಹೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಹೋಟೆಲಿನಿಂದ ಎದ್ದು ಬಂದ ಹಿರಿಯರೊಬ್ಬರು ಮಲೆನಾಡಿನ ಮೊದಲ ಪ್ರಶ್ನೆ ಕೇಳಿಬಿಟ್ಟರು: “ಯಾವೂರಾಯ್ತು ತಮ್ಮಾ?”

ರಿಪ್ಪನ್‌ಪೇಟೆ ಕಡೆ. ಯಾರ ಮನೆ? ತಾಯಿಯ ತವರು ಯಾವುದು? ಚಾ ಬರುವುದರೊಳಗೆ ಅವನು ನನ್ನ ಹೆಂಡತಿಯ ಅತ್ತಿಗೆಯ ಚಿಕ್ಕಪ್ಪನ ಮಗನೆಂದು ಸಾಬೀತಾಯಿತು. “ಹಂಗಾರೆ ಭಾವ ಆಗ್ಬೇಕಲ್ಲ ನೀವು!” ಎಂದು ಕೈ ಹಿಡಿದುಕೊಂಡ. ಅಲ್ಲಿಂದಾಚೆ ಅವನು ಅವರಾದರು. ಚಾದ ದುಡ್ಡನ್ನೂ ನಾನೇ ಕೊಟ್ಟೆ.

ಕಾನೂನು ನನ್ನ ಕಡೆಗೇ ಇತ್ತು. ರಸ್ತೆಗಿಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಭಾವನ ಪಿಕಪ್ಪಿಗೆ ಅದಿತ್ತು, ಮತ್ತು ಆ ಥರ್ಡ್ ಪಾರ್ಟಿ ಸಾಕ್ಷಾತ್ ನಾನೇ. ಆದರೆ ಆ ದುಡ್ಡು ಬೇಕೆಂದರೆ ಪೊಲೀಸ್ ಠಾಣೆಗೆ ಹೋಗಿ, ಅಲ್ಲಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯವರೆಗೂ ನಡೆಯಬೇಕು. “ಬಂಪರಿಗೋಸ್ಕರ ನೆಂಟರ ಮೇಲೆ ಕಂಪ್ಲೇಂಟಾ?” ಎಂದಳು ಹೆಂಡತಿ. ಅಲ್ಲಿಗೆ ನ್ಯಾಯಮಂಡಳಿಯ ಬಾಗಿಲು ಮುಚ್ಚಿತು. ಉಳಿದದ್ದು ನನ್ನದೇ ಪಾಲಿಸಿ.

ಫೋನಿನಲ್ಲಿ “ನಾಳೆ ಸರ್ವೇಯರ್ ಬರ್ತಾರಂತೆ” ಎಂದದ್ದು ಪಕ್ಕದ ಮನೆಗೆ ಕೇಳಿಸಿ, ಬಗರ್‌ಹುಕುಂ ಅರ್ಜಿ ಹಾಕಿ ಕಾದು ಕೂತಿದ್ದವರು ಕಡತ ಸಮೇತ ಬಂದುಬಿಟ್ಟರು. ನಮ್ಮ ತಾಲ್ಲೂಕಿನಲ್ಲಿ ಸರ್ವೇಯರ್ ಬರುತ್ತಾನೆಂದರೆ ಅದು ಸಣ್ಣ ಸುದ್ದಿಯಲ್ಲ. ಈತ ಅಳೆಯುವುದು ಬಂಪರನ್ನು ಮಾತ್ರ ಎಂದು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು. “ಅದಕ್ಕೂ ಗೌರ್ಮೆಂಟ್ ಸಂಬಳ ಕೊಡ್ತದಾ?” ಎಂದು ಬೇಸರದಿಂದ ಹೋದರು.

ಸಾಗರದ ಶೆಡ್ಡಿಗೆ ಬಂದ ಸರ್ವೇಯರ್ ಫೋಟೋ ಹೊಡೆದುಕೊಂಡು, ವೇದಾಂತ ಹೇಳುವ ದನಿಯಲ್ಲಿ ಸವಕಳಿಯ ಲೆಕ್ಕ ಬಿಡಿಸಿದರು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಕಡಿತ. ಈಗಿನ ಕಾರಿನ ಹಿಂಭಾಗದಲ್ಲಿ ಪ್ಲಾಸ್ಟಿಕ್ಕಲ್ಲದ್ದು ಏನಿದೆ? ತಗಡಿಗೆ ಕಾರಿನ ವಯಸ್ಸು ನೋಡುತ್ತಾರೆ. ಐದು ವರ್ಷ ದಾಟಿದ ನನ್ನ ಕಾರಿಗೆ ಶೇ. 40. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಖರ್ಚೆಂದು ತೆಗೆದು, ಅದರಲ್ಲೂ ಅರ್ಧ ಮುರಿಯುತ್ತಾರೆ. ಎಲ್ಲ ಮುಗಿದ ಮೇಲೆ 1500 ಸಿಸಿಯೊಳಗಿನ ಕಾರಿಗೆ ಸಾವಿರ ರೂಪಾಯಿ ಕಡ್ಡಾಯವಾಗಿ ನಮ್ಮದೇ. ಗಾಜಿಗೆ ಮಾತ್ರ ಸವಕಳಿಯಿಲ್ಲ, ಪೂರ್ತಿ ಸಿಗುತ್ತದೆ. ನನ್ನ ಕಾರಿನಲ್ಲಿ ಗಾಜೊಂದು ಬಿಟ್ಟು ಉಳಿದದ್ದೆಲ್ಲ ಹೋಗಿತ್ತು. ಸವಕಳಿ ಮುರಿಯದ ಜೀರೋ ಡೆಪ್ ಪಾಲಿಸಿ ತೆಗೆದುಕೊಂಡಿದ್ದರೆ, ಆ ಸಾವಿರ ಬಿಟ್ಟು ಈ ಸವಕಳಿಯ ಕಡಿತ ತಪ್ಪುತ್ತಿತ್ತಂತೆ. ಇಂಥ ಮಾತನ್ನು ಎಲ್ಲರೂ ಗುದ್ದಿಸಿಕೊಂಡ ಮೇಲೆಯೇ ಹೇಳುತ್ತಾರೆ.

ಇನ್ನೊಂದು ಪೆಟ್ಟು ಬಾಕಿಯಿತ್ತು. ಕ್ಲೇಮ್ ಮಾಡದ ಪುಣ್ಯಾತ್ಮರಿಗೆ ವಿಮೆಯವರು ಮೊದಲ ವರ್ಷ ಶೇ. 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50ರಂತೆ ಬೋನಸ್ ಕೊಡುತ್ತಾರೆ. ಒಮ್ಮೆ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. “ತಪ್ಪು ನನ್ನದಲ್ವಲ್ಲ ಸ್ವಾಮೀ” ಎಂದೆ. ತಪ್ಪು ಯಾರದೆಂಬುದು ಬೋನಸ್ಸಿಗೆ ಸಂಬಂಧಪಟ್ಟ ವಿಷಯವಲ್ಲವಂತೆ. ಗುದ್ದಿದ ಗಾಡಿಯ ಕಂಪನಿಯಿಂದ ನೀವು ವಸೂಲಿ ಮಾಡಿಕೊಳ್ಳಬಹುದಲ್ಲ ಎಂದಾಗ ಅವರು ನಕ್ಕರು. ಕಂಪನಿಗಳ ನಡುವೆ ನಾಕ್ ಫಾರ್ ನಾಕ್ ಎಂಬ ಒಪ್ಪಂದವಿದೆ: ನಿಮ್ಮ ಗಾಡಿಯ ರಿಪೇರಿ ನೀವು ನೋಡಿಕೊಳ್ಳಿ, ನಮ್ಮದು ನಾವು, ಪರಸ್ಪರ ಕೇಳುವುದು ಬೇಡ. ಆಗ ಸಮಾಧಾನವಾಯಿತು. ಅಷ್ಟು ದೊಡ್ಡ ಕಂಪನಿಗಳೇ ದಾಕ್ಷಿಣ್ಯಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡಿರುವಾಗ, ಹೆಂಡತಿಯ ಅತ್ತಿಗೆಯ ಚಿಕ್ಕಪ್ಪನ ಮಗನ ಮುಂದೆ ನನ್ನದೇನು?

ಟಿಂಕರಿಂಗಿನವನು ಕಾರನ್ನು ಚೆನ್ನಾಗಿಯೇ ಮಾಡಿಕೊಟ್ಟ. ಭಾವ ಫೋನು ಮಾಡಿ, “ಎಲ್ಲ ಇನ್ಸೂರೆನ್ಸಲ್ಲೇ ಆಯ್ತಲ್ಲ, ಖರ್ಚೇನೂ ಬರ್ಲಿಲ್ಲ ಅಲ್ವಾ?” ಎಂದು ತಾವೇ ಉತ್ತರವನ್ನೂ ಹೇಳಿ ವಿಚಾರಿಸಿಕೊಂಡರು. ಹೌದೆಂದೆ.

ಓದುಗರಲ್ಲಿ ಒಂದು ವಿನಂತಿ. ಬರೀ ಬಂಪರು ಹೋಗಿದ್ದರೆ, ಕೈಗೆ ಬರುವ ದುಡ್ಡೆಷ್ಟು, ಹೋಗುವ ಬೋನಸ್ಸೆಷ್ಟು ಎಂದು ನೋಡಿ ಆಮೇಲೆ ಕ್ಲೇಮ್ ಮಾಡಿ. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ಹಿಂದಿನಿಂದ ಗುದ್ದಿದರೆ ಮೊದಲು ಫೋಟೋ ತೆಗೆದು ಗಾಡಿ ನಂಬರು, ಪಾಲಿಸಿ ನಂಬರು ಬರೆದುಕೊಳ್ಳಿ. ಊರು ಯಾವುದೆಂದು ಆಮೇಲೆ ಕೇಳಿ.