ಹಸಿರು ದೀಪದ ಪ್ರಾಮಾಣ್ಯವಿಚಾರ

ವಿಷಯಪ್ರವೇಶ: ಹಾಸ್ಟೆಲ್ಲೊಂದರ ಮೂರನೇ ಮಹಡಿಯ ಚಾವಣಿಯಲ್ಲಿ ವೈಫೈ ಆಕ್ಸೆಸ್ ಪಾಯಿಂಟ್ ಇದೆ. ಅದರ ದೀಪ ಉರಿಯುತ್ತಿದೆ. ಕೆಳಗೆ ನಿಂತವರ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೂ ಭರ್ತಿ. ವಿಡಿಯೊ ಮಾತ್ರ ಸುತ್ತುತ್ತಲೇ ಇದೆ. ಕಾರಣವೇನೆಂಬುದೇ ಪ್ರಸ್ತುತ ಜಿಜ್ಞಾಸೆ.

ಪೂರ್ವಪಕ್ಷ: ಹೊಗೆಯಿದ್ದಲ್ಲಿ ಬೆಂಕಿ, ದೀಪವಿದ್ದಲ್ಲಿ ನೆಟ್. ಇದು ವಾರ್ಡನ್ ಮತ. ಬೆಂಬಲಕ್ಕೆ ಆಪ್ತವಾಕ್ಯವೂ ಉಂಟು: ‘ನಿನ್ನೆವರೆಗೂ ಸರಿಯಾಗೇ ಇತ್ತು, ನಾವೇನೂ ಮುಟ್ಟಿಲ್ಲ.’ ಈ ವಾಕ್ಯ ಅನಾದಿ, ಅಪೌರುಷೇಯ. ಯಾವ ಕಟ್ಟಡದಲ್ಲಿ ಕೇಳಿದರೂ ಪಾಠಾಂತರವಿಲ್ಲ.

ಖಂಡನೆ: ಕಡ್ಡಿಗಳು ಹೇಳುವುದು ಫೋನಿನಿಂದ ಚಾವಣಿಯವರೆಗಿನ ಸಮಾಚಾರವನ್ನಷ್ಟೇ. ಅಲ್ಲಿಂದಾಚೆ ನೆಟ್‌ವರ್ಕ್ ಸ್ವಿಚ್ಚಿನವರೆಗೆ ಎಲ್ಲವೂ ಕೇಬಲ್ಲಿನ ಕೃಪೆ. ಇನ್ನು ದೀಪ. 2003ರ ಪಿಒಇ (ಪವರ್ ಓವರ್ ಈಥರ್ನೆಟ್) ಮಾನದಂಡದಂತೆ ಸ್ವಿಚ್ಚು ಅದೇ ಕೇಬಲ್ಲಿನಲ್ಲಿ 15.4 ವಾಟ್‌ವರೆಗೆ ವಿದ್ಯುತ್ತನ್ನೂ ಕಳಿಸಬಲ್ಲದು. ಹಾಗಾಗಿ ದೀಪ ಕರೆಂಟಿಗೆ ಸಾಕ್ಷಿ, ಡೇಟಾಕ್ಕಲ್ಲ. ನೈಯಾಯಿಕರು ಇಂಥದನ್ನು ಸವ್ಯಭಿಚಾರ ಹೇತು ಎನ್ನುವರು. ಟೆಕ್ನಿಷಿಯನ್ನರು ‘ಲೈಟ್ ಬರ್ತಿದೆ ಸಾರ್, ನೆಟ್ ಬರ್ತಿಲ್ಲ’ ಎನ್ನುವರು.

ಟೆಸ್ಟರ್ ಪ್ರಕರಣ: ಅಗ್ಗದ ಕೇಬಲ್ ಟೆಸ್ಟರ್ ಹಚ್ಚಿದರೆ ಒಂದರಿಂದ ಎಂಟರವರೆಗೆ ಕ್ರಮವಾಗಿ ಮಿನುಗಿತು. ಪೂರ್ವಪಕ್ಷಕ್ಕೆ ಜಯವೆನ್ನುವಷ್ಟರಲ್ಲಿ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಬೇಕು. ಕ್ರಿಂಪ್ ಮಾಡಿದವರು ದಯಾವಂತರು: ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಯಾವ ತಂತಿ-ದಂಪತಿಯನ್ನೂ ಅಗಲಿಸದೆ ಪಂಕ್ತಿಯಲ್ಲಿ ಕೂರಿಸಿದ್ದಾರೆ. ತಂತಿಗಳ ಕ್ರಮ ವಿಧಿಸುವ ಟಿ568ಬಿ ಸ್ಮೃತಿ ಇದನ್ನೊಪ್ಪದು. ಅದರಂತೆ ಬಿಳಿ-ಹಸಿರು ಮೂರನೆಯದು, ಹಸಿರು ಆರನೆಯದು. ನಡುವೆ ನೀಲಿ ಜೋಡಿ. ಎರಡೂ ತುದಿಗೆ ಒಂದೇ ತಪ್ಪಾದ್ದರಿಂದ ಟೆಸ್ಟರಿಗೆ ಅದು ತಪ್ಪೇ ಅಲ್ಲ. ಆದರೆ ಮೂರು-ಆರರಲ್ಲಿ ಸಾಗುವ ಸಂಕೇತಕ್ಕೆ ಒಟ್ಟಿಗೆ ಹೆಣೆದ ಜೋಡಿ ಸಿಗದೆ ಪಕ್ಕದ ಜೋಡಿಯ ಗದ್ದಲ ಒಳನುಗ್ಗುತ್ತದೆ. ಗಿಡ್ಡ ಕೇಬಲ್ಲಿನಲ್ಲಿ ಹೇಗೋ ನಡೆದೀತು; 100 ಮೀಟರಿನ ಮಿತಿ ಸಮೀಪಿಸಿದಂತೆ ಪ್ಯಾಕೆಟ್ಟುಗಳು ದಾರಿಯಲ್ಲೇ ಕೆಡುತ್ತವೆ.

ಮೂಷಿಕ ಉಪಪ್ರಕರಣ: ಕ್ರಿಂಪ್ ಸರಿಯಿದ್ದೂ ಗಿಗಾಬಿಟ್ ಲಿಂಕ್ ಏಕಾಏಕಿ 100 ಮೆಗಾಬಿಟ್ಟಿಗೆ ಇಳಿದಿದೆಯೇ? ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಫಾಲ್ಸ್ ಸೀಲಿಂಗಿನ ಮೇಲೆ ನೀಲಿ ಅಥವಾ ಕಂದು ತಂತಿಯ ಮೇಲೆ ಇಲಿ ವ್ಯಾಖ್ಯಾನ ಬರೆದಿರಬಹುದು.

ಪ್ರಾಯಶ್ಚಿತ್ತ: ಆಫ್ ಮಾಡಿ ಆನ್ ಮಾಡುವುದು ಲೋಕಾಚಾರ. ತಪ್ಪು ಕ್ರಿಂಪಿನ ದೋಷ ಅದರಿಂದ ಪರಿಹಾರವಾಗದು.

ಸಿದ್ಧಾಂತ: ಎರಡೂ ತುದಿ ಕತ್ತರಿಸಿ, ಸ್ಮೃತಿಯ ಕ್ರಮದಲ್ಲಿ ತಂತಿ ಜೋಡಿಸಿ ಹೊಸ ಕನೆಕ್ಟರ್ ಹಾಕತಕ್ಕದ್ದು. ಕನೆಕ್ಟರಿನ ಖರ್ಚು ಎರಡು ಕಾಫಿಯದು. ಇಷ್ಟು ಅಗ್ಗದ ಸಿದ್ಧಾಂತವನ್ನು ಆಡಳಿತ ಮಂಡಳಿ ಒಪ್ಪುವುದುಂಟೆ? ಕೊಟೇಶನ್ ತರಿಸಿ, ಇನ್ನೂ ದುಬಾರಿ ಆಕ್ಸೆಸ್ ಪಾಯಿಂಟ್ ಕೊಂಡು, ಹಳೆಯ ಕೇಬಲ್ಲಿಗೇ ಸಿಕ್ಕಿಸಿದ್ದಾರೆ. ಸೋಮವಾರ ಉದ್ಘಾಟನೆ. ಮುಖ್ಯ ಅತಿಥಿಗಳು ಬೇರೆ ಊರಿನಲ್ಲಿರುವ ಕಾರಣ, ಆನ್‌ಲೈನಿನಲ್ಲಿ, ಇದೇ ವೈಫೈ ಮೂಲಕ ದರ್ಶನ ಕೊಡುವರಂತೆ.