ಫಾರ್ಮ್ಯಾಟ್ ಭಾವ

ಅಡಕೆಗೆ ಕೊಳೆ ಬಂದರೆ ಬೋರ್ಡೋ, ಕಂಪ್ಯೂಟರಿಗೆ ಏನೇ ಬಂದರೂ ಫಾರ್ಮ್ಯಾಟ್. ಹೇರೂರು ಸೀಮೆಯಲ್ಲಿ ಎರಡನೆಯದನ್ನು ಹೊಡೆಯುವವರಿಗೆ ಮನೆಯವರಿಟ್ಟ ಹೆಸರು ಬೇರೆ ಇದೆ. ಊರಿಗೆಲ್ಲ ಅವರು ಫಾರ್ಮ್ಯಾಟ್ ಭಾವ. ಇಂಥ ಭಾವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಊರಿಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ಕೆಲವರು ಕವಳಕ್ಕೆ ತಂಬಾಕು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ಕವಳದ ಸಂಚಿಯಲ್ಲಿ ಎಲೆ, ಅಡಕೆ, ಸುಣ್ಣದ ಡಬ್ಬಿಯ ಜೊತೆ 16 ಜಿಬಿಯ ಪೆನ್‌ಡ್ರೈವ್. ಸುಣ್ಣ ಹತ್ತಿದ್ದರೆ ಪಂಚೆಗೆ ಒರೆಸಿ ಚುಚ್ಚುತ್ತಾರೆ.

"ಭಾವ, ಸಿಸ್ಟಮ್ ಸ್ವಲ್ಪ ನಿಧಾನ ಆಯ್ದು."

"ಫಾರ್ಮ್ಯಾಟ್ ಹೊಡೆದು ಬಿಡನ."

"ಅಪ್‌ಗ್ರೇಡ್ ಮಾಡಿದ್ರೆ ಸಾಕಾಗ್ತಿಲ್ಯಾ?"

"ಹಳೇ ಕಸ ಎಲ್ಲಾ ಹಾಂಗೇ ಬತ್ತು ಮಾರಾಯ. ಬುಡದಿಂದ ಹೊಸಾದೇ ಹಾಕವು."

ಮಾತು ಪೂರ್ತಿ ಸುಳ್ಳಲ್ಲ. ಅಪ್‌ಗ್ರೇಡಿನಲ್ಲಿ ಪ್ರೋಗ್ರಾಮು, ಸೆಟ್ಟಿಂಗು, ಫಾಂಟು ಉಳಿದುಕೊಳ್ಳುವ ಹಾಗೆ ಯಾರೋ ಯಾವತ್ತೋ ತುಂಬಿಸಿದ ಬೇಡದ ಸಾಮಾನೂ ಉಳಿದುಕೊಳ್ಳುತ್ತದೆ. ಹಳೆಯ ವಿಂಡೋಸ್ ಬೇರೊಂದು ಫೋಲ್ಡರಿನಲ್ಲಿ ಹತ್ತು ದಿನ ಕೂತಿರುತ್ತದೆ. ಮನಸ್ಸು ಬದಲಾದರೆ ಅಷ್ಟರೊಳಗೆ ವಾಪಸು ಕರೆಯಬಹುದು. ಸೂತಕಕ್ಕೂ ಹತ್ತೇ ದಿನ. ಭಾವನ ಪದ್ಧತಿಯಲ್ಲಿ ಸೂತಕವೂ ಇಲ್ಲ, ಸಿ ಡ್ರೈವ್ ಅಂದೇ ಖಾಲಿ.

ತೊಂದರೆಯೆಂದರೆ, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ, ಊರವರ ಸಮಸ್ತವೂ ಇರುವುದು ಡೆಸ್ಕ್‌ಟಾಪ್ ಮೇಲೆ: ಮಾಣಿಯ ಉಪನಯನದ ಫೋಟೊ, ಅಡಕೆ ವಕ್ಕಲಿನ ಲೆಕ್ಕ, ಕೂಸಿನ ಜಾತಕ, ತಾಳಮದ್ದಳೆಯ ರೆಕಾರ್ಡಿಂಗು. "ಬೇಕಾದ್ದು ಎಂತಾರೂ ಇದ್ದಾ?" ಎಂದು ಭಾವ ತಪ್ಪದೆ ಕೇಳುತ್ತಾರೆ. ಕೇಳುವುದು ಶೇ. 40 ಆದ ಮೇಲೆ.

ಒಂದು ಮನೆಯ ಅಜ್ಜ ಮಾತ್ರ ಹುಷಾರಿ. ವರ್ಷಗಟ್ಟಲೆ ಕೂತು 'ನುಡಿ'ಯಲ್ಲಿ ಕುಟ್ಟಿದ್ದ ವಂಶಾವಳಿಯನ್ನು ಮೊದಲೇ ಮೊಮ್ಮಗನಿಂದ ಪೆನ್‌ಡ್ರೈವಿಗೆ ಹಾಕಿಸಿಟ್ಟಿದ್ದರು. ಹೊಸ ವಿಂಡೋಸ್ ಬಂತು, ಫೈಲೂ ತೆರೆಯಿತು. ನುಡಿ ಇರಲಿಲ್ಲ. ಏಳು ತಲೆಮಾರಿನ ಹಿರಿಯರು ಇಂಗ್ಲಿಷ್ ಅಕ್ಷರಗಳಾಗಿ, ತಲೆಮೇಲೆ ಕೊಂಬು ಚುಕ್ಕೆ ಹೊತ್ತು ಸಾಲಾಗಿ ನಿಂತಿದ್ದರು. ಯುನಿಕೋಡ್ ಅಲ್ಲದ ಕಡತದ ಹಣೆಬರಹವೇ ಅದು: ಫಾಂಟು ಹೋದರೆ ಕನ್ನಡವೂ ಹೋಯಿತು.

"ಫೈಲ್ ಎಲ್ಲಾ ಸರಿ ಇದ್ದು. ಫಾಂಟ್ ಒಂದೇ ಇಲ್ಲೆ" ಎಂದರು ಭಾವ.

ಅಜ್ಜ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು. "ಇದ್ರಲ್ಲಿ ಎನ್ನ ಅಪ್ಪಯ್ಯ ಯಾವ್ದಾ?"

ಆಮೇಲೆ ಪ್ರಿಂಟರ್ ಸರದಿ. ಅದರ ಸಿಡಿಗಾಗಿ ಇಡೀ ಮನೆ ಹುಡುಕಿದರೆ, ಅದು ಗಿಳಿ ಓಡಿಸಲು ಚಿಕ್ಕು ಮರದಲ್ಲಿ ತೂಗುತ್ತಿತ್ತು. ಇಷ್ಟೆಲ್ಲ ನಡೆಯುವಾಗ ಭಾವನಿಗೆ ಎರಡು ಸಲ ಆಸರಿಗೆ, ಒಂದು ಊಟ, ಲೆಕ್ಕವಿಲ್ಲದ ಕವಳ. ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಬೈಯಲಿಕ್ಕೂ ಆಗದ ಹಾಗೆ ಮಾಡಿಬಿಡುವ ಗುಣ ಅದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಭಾವನಿಗೆ ದೊಡ್ಡಹಬ್ಬ ಒಂದು ವಾರ ಮೊದಲೇ ಬಂತು. ಆದರೆ 11ಕ್ಕೆ ಮಡಿ ಜಾಸ್ತಿ: ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡ್ ತಂದ ಲ್ಯಾಪ್‌ಟಾಪುಗಳು ಬಾಗಿಲಲ್ಲೇ ನಿಂತವು. ಭಾವ ಸಂಚಿಯಿಂದ ಇನ್ನೊಂದು ಪೆನ್‌ಡ್ರೈವ್ ತೆಗೆದರು. "ಲಿನಕ್ಸ್ ಹಾಕನ!" ವಿಂಡೋಸಿನಿಂದ ಲಿನಕ್ಸಿಗೆ ಅಪ್‌ಗ್ರೇಡಿನ ದಾರಿಯೇ ಇಲ್ಲ. ಭಾವನಿಗೆ ಅದರ ಮೇಲಿರುವ ಗೌರವಕ್ಕೆ ಅದೂ ಒಂದು ಕಾರಣವಿರಬೇಕು.

ಇಂಥವರ ಸ್ವಂತ ಕಂಪ್ಯೂಟರ್ ಹೇಗಿದ್ದೀತು ಎಂಬ ಕುತೂಹಲ ಊರಿಗಿತ್ತು. ಮೊನ್ನೆ ಅವರ ಮನೆಯಲ್ಲಿ ಸತ್ಯನಾರಾಯಣ ಕಥೆಗೆ ಹೋದ ಹುಡುಗನೊಬ್ಬ ಜಗಲಿಯ ಮೂಲೆಯಲ್ಲಿದ್ದ ಅದನ್ನು ಶುರುಮಾಡಿ ನೋಡಿದ. ವಿಂಡೋಸ್ 7 ಇದ್ದದ್ದು, 2016ರಲ್ಲಿ ಪುಕ್ಕಟೆ ಅವಧಿ ಮುಗಿಯುವ ಮೊದಲು 10ಕ್ಕೆ ಅಪ್‌ಗ್ರೇಡ್ ಆದದ್ದು. ಈಗ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟು ಮುಂದುವರಿಸಿ ಎಂದು ಕೇಳಿಕೊಂಡೂ ಆಗಿದೆ. ಡೆಸ್ಕ್‌ಟಾಪ್ ಮೇಲೆ ಐಕಾನು ಇಡಲು ಜಾಗವಿಲ್ಲ.

"ಭಾವ, ಇದ್ನ ಒಂದ್ಸಲಾನೂ ಫಾರ್ಮ್ಯಾಟ್ ಹೊಡೆದಿದ್ದಿಲ್ಯಾ?"

ಭಾವ ಓಡಿಬಂದು ಮೌಸ್ ಕಸಿದುಕೊಂಡರು. "ಮುಟ್ಟಡ ಮಾರಾಯ! ಅದ್ರೊಳಗೆ ಎಂತೆಂತ ಇದ್ದು ಹೇಳಿ ಎಂಗೇ ಗೊತ್ತಿಲ್ಲೆ."