ಬಿಡದಿಯ ಸಮುದ್ರಕ್ಕೆ ಹೊನ್ನಾವರದ ಚೀಲ

ಮನೆ ಹಿತ್ತಿಲಿನಾಚೆ ಅರಬ್ಬಿ ಸಮುದ್ರ ಮೊರೆಯುತ್ತಿರುವಾಗ, ತೆರೆಯಲ್ಲಿ ಆಡಬೇಕೆಂದು ರಾತ್ರಿಯಿಡೀ ರೈಲಿನಲ್ಲಿ ಕೂತು ಬಿಡದಿಗೆ ಹೋಗುವವರನ್ನು ಏನೆಂದು ಕರೆಯಬೇಕು? ನಮ್ಮ ಹೊನ್ನಾವರದ ಕಡೆ ಅವರಿಗೆ ‘ಮಕ್ಕಳೊಂದಿಗರು’ ಎನ್ನುತ್ತಾರೆ. ಶರಾವತಿ ದಾಟಿದರೆ ಕಾಸರಕೋಡು. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ಒಟ್ಟಿಗೇ ನೀಲಿ ಬಾವುಟ ಸಿಕ್ಕಿತಲ್ಲ, ಅದರಲ್ಲಿ ಇದೂ ಒಂದು. ಹೊರದೇಶದವರು ಮೆಚ್ಚಿ ಬಾವುಟ ಹಾರಿಸಿದ್ದಾರೆ ಕಣೇ ಎಂದು ಮಗಳಿಗೆ ಒಪ್ಪಿಸಿ ನೋಡಿದೆ. ‘ಅಲ್ಲಿ ಸ್ಲೈಡ್ ಇಲ್ಲೆ ಅಪ್ಪಾ’ ಎಂದು ಒಂದೇ ಮಾತಿನಲ್ಲಿ ಅರಬ್ಬಿ ಸಮುದ್ರವನ್ನು ನಪಾಸು ಮಾಡಿದಳು. ಬೇಸಿಗೆ ರಜೆಗೆ ಬಿಡದಿಯ ಮನರಂಜನಾ ಪಾರ್ಕು ವಂಡರ್‌ಲಾ ಎಂದು ಗೊತ್ತಾಯಿತು.

ಗೊತ್ತಾದ ಮೇಲೆ ಮನೆಯ ಆಡಳಿತವೂ ಅವಳ ಕೈಗೆ ಹೋಯಿತು. ಹಗುರವಾಗಿ, ಆದರೂ ಸ್ಟೈಲಾಗಿ ಚೀಲ ತುಂಬುವುದು ಹೇಗೆಂದು ಮೊಬೈಲಿನಲ್ಲಿ ಯಾರೋ ಕಲಿಸಿದ್ದರಂತೆ. ತಲೆಗೊಂದು ಬೆನ್ನುಚೀಲ, ಅದರಲ್ಲಿ ಒಂದಕ್ಕೊಂದು ಹೊಂದುವ ಬಣ್ಣದ ಮೂರು ಜೊತೆ ಬಟ್ಟೆ, ಮಡಚುವ ಹಾಗಿಲ್ಲ, ಸುತ್ತಬೇಕು. ನನ್ನ ಅಂಗಿಗಳೆಲ್ಲ ಪತ್ರೊಡೆಯ ಹಾಗೆ ಸುರುಳಿಯಾಗಿ, ಬೇಯಲು ಇಡುವುದೊಂದೇ ಬಾಕಿ ಎಂಬಂತೆ ಮಂಚದ ಮೇಲೆ ಸಾಲಾಗಿ ಮಲಗಿದವು. ಪಂಚೆ ಮಾತ್ರ ಸುರುಳಿಗೆ ಸೇರಲಿಲ್ಲ. ‘ನೀರಾಟಕ್ಕೆ ಪಂಚೆ ಬಿಡ್ತ್ವಿಲ್ಯಡ’ ಎಂದಳು. ಹತ್ತಿಯ ಬಟ್ಟೆಯೇ ಆಗದಂತೆ, ನೈಲಾನು ಪಾಲಿಸ್ಟರೇ ಬೇಕಂತೆ. ಯೋಚಿಸಿದರೆ ಅದರಲ್ಲೂ ನ್ಯಾಯವಿದೆ. ಹತ್ತಿಯ ಎಳೆ ಬಿಟ್ಟು ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆ, ಗುಂಡಿ ಜಿಪ್ಪು ಜಾರುಬಂಡೆಯನ್ನು ಗೀರುತ್ತವೆ, ಇಳಿಬಿದ್ದ ಸೆರಗೋ ಪಂಚೆಯ ತುದಿಯೋ ಎಲ್ಲಾದರೂ ಸಿಕ್ಕಿಕೊಂಡರೆ ಕಷ್ಟ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿದ್ದು, ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಹತ್ತಿ ಪಂಚೆ ಒಣಗಿಸಿ, ಹೊಗೆವಾಸನೆಯ ಪಂಚೆಯುಟ್ಟೇ ಮದುವೆಮನೆಗಳಿಗೆ ಹೋಗಿಬಂದ ನನಗೆ ನೈಲಾನಿನ ಮಹಿಮೆ ಇಷ್ಟು ತಡವಾಗಿ ತಿಳಿಯಬೇಕಾಯಿತು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಅದು ಮೊದಲೇ ಗೊತ್ತಿತ್ತು. ಭಟ್ಕಳದ ಪೇಟೆಯಿಂದ ಬಂದ ‘ಫಾರಿನ್’ ಸೀರೆಯೊಂದು ಅವಳ ಟ್ರಂಕಿನಲ್ಲಿ ಡಾಂಬರು ಗುಳಿಗೆಯ ಜೊತೆ ಈಗಲೂ ಇದೆ, ಒಂದು ಸುಕ್ಕಿಲ್ಲ.

ನೈಲಾನು ಚಡ್ಡಿಗೆಂದು ನಾವೂ ಭಟ್ಕಳಕ್ಕೇ ಹೋದೆವು. ಮನೆಗೊಬ್ಬರಾದರೂ ಗಲ್ಫಿಗೆ ಹೋಗಿಬರುವ ಊರು ಅದು. ಅಲ್ಲಿಯ ಮಲ್ಲಿಗೆ ಕೂಡ ವಿಮಾನ ಹತ್ತುತ್ತದೆ. ಹಾಗಾಗಿ ಸಾಮಾನಿನ ತೂಕದ ವಿಷಯದಲ್ಲಿ ಭಟ್ಕಳಿಗರ ಮುಂದೆ ಯಾರೂ ಮಾತಾಡಬಾರದು. ನಾನು ದೊಡ್ಡದೊಂದು ಗಾಲಿಚೀಲದ ಮೇಲೆ ಕೈಯಿಟ್ಟದ್ದೇ ತಡ, ಅಂಗಡಿಯ ಸಾಹೇಬರು ಅದನ್ನು ಕೈತಕ್ಕಡಿಯ ಕೊಕ್ಕೆಗೆ ತೂಗುಹಾಕಿ ಮುಳ್ಳು ತೋರಿಸಿದರು. ‘ಭಟ್ರೇ, ಖಾಲಿ ಚೀಲವೇ ಇಷ್ಟು ತೂಗಿದ್ರೆ ನೀವು ತುಂಬುದೆಂತದು?’ ಉಪನಿಷತ್ತಿನಲ್ಲಿ ಇರಬೇಕಾದ ಪ್ರಶ್ನೆ. ಉತ್ತರ ಹೊಳೆಯದೆ ಬರೀ ಚಡ್ಡಿ ಕೊಂಡು ಬಂದೆ.

ಹಗುರ ಮತ್ತು ಸ್ಟೈಲು ಎರಡೂ ನಮ್ಮ ಸೀಮೆಗೆ ಹೊಸತೇನಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರಲ್ಲ, ಅದು ಮೇಳಗಳ ಪೆಟ್ಟಿಗೆ ತಲೆಹೊರೆಯಲ್ಲಿ ಊರೂರು ದಾಟುತ್ತಿದ್ದ ಕಾಲ. ಭುಜಕೀರ್ತಿ, ಎದೆಕಟ್ಟು, ಗೆಜ್ಜೆ ಎಲ್ಲ ಪೆಟ್ಟಿಗೆಯೊಳಗೆ. ಆದರೆ ಬಡಗುತಿಟ್ಟಿನ ಕೇದಗೆ ಮುಂದಲೆ ಎಂಬ ತಲೆಯುಡುಗೆ ನೋಡಿ, ಅದನ್ನು ತಯಾರು ಮಾಡಿ ಇಟ್ಟುಕೊಳ್ಳುವುದಿಲ್ಲ. ಚೌಕಿಯಲ್ಲಿ ಕೂತು, ತಲೆಗೆ ಅಟ್ಟೆಯಿಟ್ಟು, ಬಟ್ಟೆಯನ್ನು ಸುತ್ತಿ ಸುತ್ತಿ, ಜರಿಪಟ್ಟಿ ಬಿಗಿದು ಪ್ರತಿ ರಾತ್ರಿ ಹೊಸದಾಗಿ ಕಟ್ಟಬೇಕು. ದಾರಿಯಲ್ಲಿ ಅದು ಒಂದು ಕಟ್ಟು ಬಟ್ಟೆ, ರಂಗಸ್ಥಳಕ್ಕೆ ಬಂದರೆ ಬಭ್ರುವಾಹನ. ಬೆಳಗ್ಗೆ ಬಿಚ್ಚಿದರೆ ಮತ್ತೆ ಬಟ್ಟೆ. ಇದನ್ನು ಮಗಳಿಗೆ ಹೇಳಿದೆ. ಅದರ ವಿಡಿಯೋ ಇದೆಯಾ ಎಂದು ಕೇಳಿದಳು.

ಇನ್ನೂ ಹಿಂದಕ್ಕೆ ಹೋದರೆ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತಾ ಸಿಗುತ್ತಾನೆ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಆ ಮಹಾನುಭಾವ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆಸಿದ್ದಾನೆ. ಇಲ್ಲಿಯ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಅರಿವೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಹೆಗಲ ಮೇಲೆ ಹೊದೆಯುತ್ತಾರೆ ಎಂಬುದನ್ನೂ ಗಮನಿಸಿದ್ದ. ಒಂದು ಅರಿವೆಯಲ್ಲಿ ಇಡೀ ಉಡುಪು ಮುಗಿಯಿತು! ಆದರೆ ಸ್ವತಃ ಅವನು ಭಾರದ ಆಸಾಮಿ. ಸಿಂಹಳದ ರಾಜ ಕೊಟ್ಟ ಮುತ್ತುರತ್ನ, ಬಟ್ಟೆಬರೆ, ಬುತ್ತಿ ಎಲ್ಲ ಹೇರಿಕೊಂಡು ಕೊಲ್ಲಂನಿಂದ ಮತ್ತೆ ಹೊನ್ನಾವರಕ್ಕೆ ಹಡಗಿನಲ್ಲಿ ಬರುತ್ತಿದ್ದಾಗ, ಬಾರ್ಕೂರಿಗೂ ಹೊನ್ನಾವರಕ್ಕೂ ನಡುವೆ ಒಂದು ಸಣ್ಣ ದ್ವೀಪದ ಹತ್ತಿರ ಕಡಲ್ಗಳ್ಳರು ಮುತ್ತಿದರು. ಉಳಿದದ್ದು ಮೈಮೇಲಿನ ಇಜಾರ ಒಂದೇ. ನಮ್ಮ ಕರಾವಳಿಯಲ್ಲಿ ಅಷ್ಟು ಹಗುರವಾಗಿ ಪ್ರಯಾಣ ಮಾಡಿದವರು ಮತ್ತೊಬ್ಬರಿರಲಾರರು.

ನನಗೆ ಮುಖ್ಯವೆನಿಸಿದ್ದು ಆಮೇಲಿನದು. ಇಜಾರದಲ್ಲೇ ಕಲ್ಲಿಕೋಟೆಗೆ ಹಿಂತಿರುಗಿದಾಗ ಅಲ್ಲಿಯ ಪಂಡಿತರೊಬ್ಬರು ಉಡುಪು ಕಳಿಸಿದರು, ಖಾಜಿಯವರು ಮುಂಡಾಸು ಕಳಿಸಿದರು, ವರ್ತಕನೊಬ್ಬ ಇನ್ನೊಂದು ಉಡುಪು ಕೊಟ್ಟ. ಅಂದರೆ ಇಳಿದಲ್ಲಿ ಜನ ಇದ್ದವನಿಗೆ ಚೀಲ ಬೇಡ. ಬೆಂಗಳೂರಿನ ಕೆಂಗೇರಿಯಲ್ಲಿ ನನಗೂ ತಂಗಿ ಇದ್ದಾಳೆ, ಭಾವನ ಅಂಗಿ ನನಗೆ ಸರಿಯಾಗುತ್ತದೆ, ಸೋಪು ಟವೆಲು ಅಲ್ಲೇ ಇವೆ. ಬತೂತಾನ ಲೆಕ್ಕದಲ್ಲಿ ನಾನು ಕೈಬೀಸಿಕೊಂಡು ಹೋಗಬಹುದಿತ್ತು.

‘ತಮಾ, ತಂಗಿ ಮನೆಗೆ ಬರಿಗೈಲಿ ಹೋಪ್ಲಾಗ’ ಎಂದಳು ಆಯಿ.

ಅಲ್ಲಿಗೆ ಮುಗಿಯಿತು. ಅಪ್ಪೆಮಿಡಿಯ ಭರಣಿ ಪ್ಲಾಸ್ಟಿಕ್ಕಿನೊಳಗೆ ಕೂತು, ನನ್ನನ್ನು ಬಿಟ್ಟಿರಲಾರದ ಆ ಪಂಚೆಯನ್ನೇ ಸುತ್ತಿಕೊಂಡು ಹೊರಟಿತು. ಮುರುಗಲ ಹಣ್ಣಿನ ಪಾಕ, ಹಲಸಿನ ಹಪ್ಪಳ, ಸುಲಿದ ತೆಂಗಿನಕಾಯಿ ಹಿಂಬಾಲಿಸಿದವು. ಕೊನೆಗೆ ತೊಡದೇವು. ಅದನ್ನು ಮಾಡುವುದನ್ನು ಒಮ್ಮೆ ನೋಡಬೇಕು ನೀವು. ಮಗುಚಿ ಕೂರಿಸಿದ ಮಡಕೆಯ ಕೆಳಗೆ ಬೆಂಕಿ. ಅಕ್ಕಿ ಅರೆದು ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನಿನ ಮೇಲೆ ಒಂದು ಎಳೆತ. ಚುರ್ ಎಂದು ಹಿಡಿದ ಪದರವನ್ನು ಅಂಚಿನಿಂದ ಎಬ್ಬಿಸಿ, ಬಿಸಿ ಇರುವಾಗಲೇ ಮಡಚಿಬಿಡಬೇಕು. ಕ್ಷಣ ತಡೆದರೆ ಪುಡಿ. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ. ಹಗುರವೂ ಹೌದು, ಸ್ಟೈಲೂ ಹೌದು. ಆದರೆ ಮುಟ್ಟಿದರೆ ಮುರಿಯುವುದರಿಂದ ಅದಕ್ಕೆ ಬೇರೆಯದೇ ಡಬ್ಬಿ, ಡಬ್ಬಿಗೆ ಬೇರೆಯದೇ ಚೀಲ, ಚೀಲಕ್ಕೆ ಒಬ್ಬರ ತೊಡೆ. ನಮ್ಮ ಸಾಮಾನಿನಲ್ಲಿ ಅತಿ ಹಗುರವಾದದ್ದಕ್ಕೇ ಅತಿ ಹೆಚ್ಚು ಜಾಗ ಹೋಯಿತು. ತೊಡೆ ನನ್ನದು.

ಇಷ್ಟರ ಮೇಲೆ ಕುಮಟೆಯ ಭಾವನವರು ಅಲ್ಲಿಯ ಸಿಹಿ ನೀರುಳ್ಳಿಯ ಎರಡು ಜಡೆ ಕಳಿಸಿದ್ದರು. ಬೇಸಿಗೆಯಲ್ಲಿ ಅಳ್ವೆಕೋಡಿಯ ಹತ್ತಿರ ಹೆದ್ದಾರಿಯ ಬದಿಗೆ ಸಾಲಾಗಿ ತೂಗುಬಿಟ್ಟಿರುತ್ತಾರಲ್ಲ, ಅದೇ. ಒತ್ತಿಟ್ಟರೆ ಕೊಳೆಯುತ್ತದೆ, ಗಾಳಿ ಆಡುವಂತೆ ನೇತುಹಾಕಬೇಕು. ಪಂಚಗಂಗಾ ರೈಲು ಹತ್ತಿದವನೇ ಕಿಟಕಿಯ ಪಕ್ಕದ ಕೊಕ್ಕೆಗೆ ಎರಡನ್ನೂ ನೇತುಹಾಕಿ, ಮಗಳು ಆರಿಸಿದ ಟ್ರ್ಯಾಕ್ ಪ್ಯಾಂಟು, ಟೋಪಿ, ಬಿಳಿ ಬೂಟಿನಲ್ಲಿ ಕಾಲಮೇಲೆ ಕಾಲು ಹಾಕಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತೆ. ವಿದೇಶಕ್ಕೆ ಹೊರಟವನಂತೆ ಕಾಣುತ್ತಿದ್ದೇನೆ ಎಂಬ ಭ್ರಮೆ ಮುರುಡೇಶ್ವರದವರೆಗೆ ಇತ್ತು. ಅಲ್ಲಿ ಹತ್ತಿದ ಹಿರಿಯರೊಬ್ಬರು ನೀರುಳ್ಳಿಯನ್ನು ನೋಡಿದರು, ಒಂದು ಗಡ್ಡೆ ಒತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿ ‘ಜಡೆಗೆ ಎಷ್ಟು?’ ಎಂದರು. ಮಾರಲಿಕ್ಕಲ್ಲ ಎಂದೆ. ಹೆಚ್ಚು ಹೇಳಲು ಹೂಡಿದ ಉಪಾಯವೆಂದು ತಿಳಿದು, ಬೈಂದೂರು ಬರುವವರೆಗೂ ಅವರು ಚೌಕಾಶಿ ಬಿಡಲಿಲ್ಲ. ಮೇಲಿನ ಬರ್ತಿನಲ್ಲಿ ಮಗಳು ಮುಸುಕು ಹೊದ್ದು ನಗುತ್ತಿದ್ದಳೋ ನಾಚಿಕೆಯಿಂದ ಅಳುತ್ತಿದ್ದಳೋ ತಿಳಿಯಲಿಲ್ಲ.

ವಂಡರ್‌ಲಾದ ಬಗ್ಗೆ ಹೇಳಲು ಹೆಚ್ಚಿಲ್ಲ. 2005ರಿಂದ ಕರ್ನಾಟಕದ ಅರ್ಧ ಮಕ್ಕಳು ಹೋಗಿಬಂದಿದ್ದಾರೆ, ನಿಮ್ಮ ಮನೆಯವರನ್ನೇ ಕೇಳಿ. ಹೊರಗಿನ ತಿಂಡಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಹಪ್ಪಳಾದಿಗಳು ಕೆಂಗೇರಿಯಲ್ಲೇ ಉಳಿದಿದ್ದವು. ಕನ್ನಡಕ, ಕೈಗಡಿಯಾರ, ಕೀಲಿಕೈ, ಮೊಬೈಲು ಲಾಕರಿಗೆ ಹೋದವು. ನೈಲಾನು ಚಡ್ಡಿಯೊಂದರಲ್ಲಿ ನಿಂತ ನಾನು, ನಾಮಕರಣವಾದ ಮೇಲೆ ಅಷ್ಟು ಹಗುರವಾಗಿ ಎಂದೂ ಇದ್ದವನಲ್ಲ. ಅಲೆಕೊಳದಲ್ಲಿ ತೆರೆ ಶುರುವಾದಾಗ ನಮ್ಮ ಮಗಳು ಎಲ್ಲರಿಗಿಂತ ಜೋರಾಗಿ ಕೂಗಿದಳು, ಹುಟ್ಟಿದ ಮೇಲೆ ನೀರನ್ನೇ ಕಾಣದವಳ ಹಾಗೆ. ಒಂದು ಗುಟುಕು ಬಾಯಿಗೆ ಹೋಯಿತು. ಉಪ್ಪಿಲ್ಲ.

ಹೊರಡುವ ದಿನ ಚೀಲ ಖಾಲಿಯಾಯಿತಲ್ಲ ಎಂದು ಹಿಗ್ಗಿದ್ದೆ. ತಂಗಿಯೂ ಅದೇ ಆಯಿಯ ಮಗಳೆಂಬುದು ಆಗ ನೆನಪಾಯಿತು. ಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಭರಣಿಗೆ ತುಪ್ಪ, ತೊಡದೇವಿನ ಡಬ್ಬಿಗೆ ಮೈಸೂರುಪಾಕು. ಬತೂತಾ ಕಲಿಸಿದ ಪಾಠ ಅರ್ಧ ಮಾತ್ರ ನಿಜ. ನೆಂಟರಿದ್ದರೆ ಬಟ್ಟೆ ಒಯ್ಯುವುದು ಬೇಡ, ನೆಂಟರಿದ್ದಾರೆಂಬ ಕಾರಣಕ್ಕೇ ಉಳಿದದ್ದೆಲ್ಲ ಒಯ್ಯಬೇಕು. ಸ್ಟೈಲು ಬೇಕೆಂದರೆ ಆ ಭಾರ ಹೊತ್ತೂ ಹೆಗಲು ವಾಲದಂತೆ ನಡೆಯಲು ಕಲಿಯಬೇಕು, ಅಷ್ಟೇ.

ಮೊನ್ನೆ ಮಗಳು ಮುಂದಿನ ರಜೆಯ ಯೋಜನೆ ಮಂಡಿಸಿದಳು. ಪಾರ್ಕಿನ ಒತ್ತಿಗೇ ಅವರದೇ ರೆಸಾರ್ಟು ಇದೆ, ಅಲ್ಲೇ ಉಳಿಯೋಣ, ಯಾರ ಮನೆಗೂ ಹೋಗುವುದು ಬೇಡ, ಒಬ್ಬರಿಗೊಂದು ಬೆನ್ನುಚೀಲ ಸಾಕು. ನಾನೂ ಹೂಂ ಎಂದೆ. ಒಳಗಿನಿಂದ ಆಯಿ ಕೇಳಿದಳು: ‘ರೆಸಾರ್ಟಿನವ್ಕೆ ಅಪ್ಪೆಮಿಡಿ ಸೇರ್ತೋ?’